ದೀಕ್ಷಾಸ್ನಾನದ ಜಗಳಕ್ಕೆ ಮರಣದಂಡನೆ ಯಾಕೆ?

ಪ್ರಶ್ನೆ: ಕ್ಯಾಥೊಲಿಕ್ ಚರ್ಚಿನ ದಬ್ಬಾಳಿಕೆ ತಾಳಲಾರದೆ ಪ್ರಾಟೆಸ್ಟೆಂಟರು ಹೊರಬಂದರು ಅಂತ ಶಾಲೆಯಲ್ಲಿ ಓದಿದ್ದೆವು. ಅದೇ ಪ್ರಾಟೆಸ್ಟೆಂಟರು ಅನಾಬ್ಯಾಪ್ಟಿಸ್ಟರನ್ನು, ಅಂದರೆ ದೀಕ್ಷಾಸ್ನಾನ (ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸುವ ವಿಧಿ) ಹಸುಗೂಸಿಗಲ್ಲ, ದೊಡ್ಡವರಾದ ಮೇಲೆಯೇ ಆಗಬೇಕು ಅನ್ನುವವರನ್ನು, ನದಿಯಲ್ಲಿ ಮುಳುಗಿಸಿ ಕೊಂದರಂತೆ. ದೀಕ್ಷಾಸ್ನಾನ ಯಾವ ವಯಸ್ಸಿನಲ್ಲಿ ಆಗಬೇಕು ಅನ್ನುವ ಜಗಳಕ್ಕೆ ಯಾರಾದರೂ ಜೀವ ತೆಗೆಯುತ್ತಾರಾ? ಜರ್ಮನಿಯ ಮ್ಯೂನ್‌ಸ್ಟರ್ ಊರಿನಲ್ಲಿ ಅವರು ಮಾಡಿದ ಅನಾಹುತವೇ ಇದಕ್ಕೆ ಕಾರಣ ಅಂತಲೂ ಕೇಳಿದ್ದೇನೆ. ನಿಜವಾ? ಈಗ ಅವರು ಎಲ್ಲಿದ್ದಾರೆ, ನಮ್ಮ ಕಡೆ ಇದ್ದಾರಾ?

ಉತ್ತರ: ಮ್ಯೂನ್‌ಸ್ಟರ್‌ನಿಂದಲೇ ಶುರು ಮಾಡುತ್ತೇನೆ. ಈ ವಿಷಯ ಬಂದಾಗಲೆಲ್ಲ ಎಲ್ಲರೂ ಮೊದಲು ಎತ್ತುವುದು ಅದನ್ನೇ. ಸುಮ್ನೆ ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ ಫೆಲಿಕ್ಸ್ ಮಾನ್ಜ್ ಅನ್ನುವ ಅನಾಬ್ಯಾಪ್ಟಿಸ್ಟನನ್ನು ನದಿಯಲ್ಲಿ ಮುಳುಗಿಸಿದ್ದು 1527ರ ಜನವರಿಯಲ್ಲಿ. ಅನಾಬ್ಯಾಪ್ಟಿಸ್ಟರನ್ನು ಕೊಲ್ಲಬೇಕು ಅಂತ ಇಡೀ ಜರ್ಮನ್ ಸಾಮ್ರಾಜ್ಯಕ್ಕೆ ಕಾನೂನು ಬಂದದ್ದು 1529ರ ಏಪ್ರಿಲ್‌ನಲ್ಲಿ. ಮ್ಯೂನ್‌ಸ್ಟರ್ ಅವರ ಕೈಗೆ ಸಿಕ್ಕಿದ್ದು 1534ರ ಫೆಬ್ರವರಿಯಲ್ಲಿ. ಅಂದರೆ ಶಿಕ್ಷೆ ಮೊದಲು, ಅಪರಾಧ ಆಮೇಲೆ! ಕ್ಲಾಸ್-ಪೀಟರ್ ಕ್ಲಾಸೆನ್ ಅನ್ನುವ ಇತಿಹಾಸಕಾರರು ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ದಕ್ಷಿಣ ಮತ್ತು ಮಧ್ಯ ಜರ್ಮನಿಯ ಹಳೆಯ ಕಡತಗಳನ್ನು ಜಾಲಾಡಿ 845 ಮರಣದಂಡನೆಗಳನ್ನು ಲೆಕ್ಕ ಹಾಕಿದ್ದಾರೆ. ಅದರಲ್ಲಿ ಬಹುಪಾಲು 1533ರೊಳಗೇ ಮುಗಿದಿದ್ದವು. ಹಾಗಾಗಿ ಮ್ಯೂನ್‌ಸ್ಟರ್ ಕಾರಣವಲ್ಲ. ಆಮೇಲೆ ಅದು ಒಳ್ಳೆಯ ನೆಪವಾಯಿತು, ಅದು ಬೇರೆ ಮಾತು.

ಹಾಗಾದರೆ ಕಾರಣ ಏನು? ಅದಕ್ಕೆ ಜ್ಯೂರಿಚ್‌ಗೆ ಹೋಗಬೇಕು. ದೇವಶಾಸ್ತ್ರಕ್ಕಿಂತ ಮೊದಲು ಅಲ್ಲಿನ ಹಣಕಾಸು, ಕಂದಾಯ ನೋಡಬೇಕು.

ಆಗ ಜ್ಯೂರಿಚ್ ಐದಾರು ಸಾವಿರ ಜನರ ಊರು. ಸುತ್ತಲಿನ ಹಳ್ಳಿಗಳೆಲ್ಲ ಅದರ ಕೈಕೆಳಗೆ. ಊರನ್ನು ಆಳುತ್ತಿದ್ದದ್ದು ವರ್ತಕರು, ಕಸುಬುದಾರರ ಸಂಘದವರು ಕೂರುವ ಕೌನ್ಸಿಲ್. ಉಲ್ರಿಕ್ ಜ್ವಿಂಗ್ಲಿ 1519ರಿಂದ ಅಲ್ಲಿನ ದೊಡ್ಡ ಚರ್ಚು ಗ್ರಾಸ್‌ಮ್ಯೂನ್‌ಸ್ಟರ್‌ನಲ್ಲಿ ಬೋಧಕನಾಗಿದ್ದ. ಬೈಬಲ್ಲಿನಲ್ಲಿ ಇಲ್ಲದ್ದು ಚರ್ಚಿನಲ್ಲಿ ಯಾಕಿರಬೇಕು ಅಂತ ಕೇಳುತ್ತಿದ್ದ. 1522ರ ಉಪವಾಸದ ಕಾಲದಲ್ಲಿ ಒಬ್ಬ ಮುದ್ರಕನ ಮನೆಯಲ್ಲಿ ಬೇಕೆಂದೇ ಮಾಂಸದ ಸಾಸೇಜ್ ತಿಂದು ಗಲಾಟೆ ಎಬ್ಬಿಸಿದರಲ್ಲ, ಅಲ್ಲಿ ಜ್ವಿಂಗ್ಲಿಯೂ ಇದ್ದ. ತಾನು ಮಾತ್ರ ತಿನ್ನಲಿಲ್ಲ. ಆತನ ಸ್ವಭಾವ ಅದೊಂದರಲ್ಲೇ ಗೊತ್ತಾಗುತ್ತದೆ ಅಂತ ನನಗೆ ಅನ್ನಿಸುತ್ತದೆ.

ಅವನ ಸುತ್ತ ಓದಿದ ಹುಡುಗರ ಒಂದು ಗುಂಪಿತ್ತು. ಕೊನ್ರಾಡ್ ಗ್ರೇಬೆಲ್ ಕೌನ್ಸಿಲ್ ಸದಸ್ಯನ ಮಗ. ಬಾಸೆಲ್, ವಿಯೆನ್ನಾ, ಪ್ಯಾರಿಸ್ ಸುತ್ತಿ, ಯಾವ ಪದವಿಯನ್ನೂ ಪಡೆಯದೆ ವಾಪಸ್ ಬಂದಿದ್ದ. ಫೆಲಿಕ್ಸ್ ಮಾನ್ಜ್ ಒಬ್ಬ ಪಾದ್ರಿಗೆ ಮದುವೆಯಿಲ್ಲದೆ ಹುಟ್ಟಿದ ಮಗ. ಹೀಬ್ರೂ ಚೆನ್ನಾಗಿ ಗೊತ್ತಿತ್ತು. ಇವರಿಗೆ ಜ್ವಿಂಗ್ಲಿಯೇ ಗುರು. ಅವನು ಹೇಳಿಕೊಟ್ಟ ಪಾಠವನ್ನು ಇವರು ಅವನಿಗಿಂತ ಜಾಸ್ತಿ ನಂಬಿಬಿಟ್ಟರು.

ಮೊದಲ ಬಿರುಕು ಬಿದ್ದದ್ದು ದಶಮಾಂಶದ ವಿಷಯಕ್ಕೆ. ಹಳ್ಳಿಯ ರೈತರು ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಗ್ರಾಸ್‌ಮ್ಯೂನ್‌ಸ್ಟರ್‌ಗೆ ಕೊಡಬೇಕಿತ್ತು. ಇದು ಬೈಬಲ್ಲಿನಲ್ಲಿ ಎಲ್ಲಿದೆ ಅಂತ ರೈತರು 1523ರಲ್ಲಿ ಕೇಳಿದರು. ಕೌನ್ಸಿಲ್ ಆಗಲ್ಲ ಅಂತು. ಜ್ವಿಂಗ್ಲಿ ಕೌನ್ಸಿಲ್ ಪರ ನಿಂತ. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಗ್ರಹ ಮತ್ತು ಬಲಿಪೂಜೆಯ (ರೊಟ್ಟಿ, ದ್ರಾಕ್ಷಾರಸ ಇಟ್ಟು ಮಾಡುವ ಕ್ಯಾಥೊಲಿಕ್ ಪೂಜೆ, ಮಾಸ್) ಬಗ್ಗೆ ದೊಡ್ಡ ವಾದ ನಡೆಯಿತು. ಬಲಿಪೂಜೆ ತಪ್ಪು ಅಂತ ಜ್ವಿಂಗ್ಲಿ ಒಪ್ಪಿಕೊಂಡ. ಆದರೆ ಅದನ್ನು ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಕೌನ್ಸಿಲ್ ತೀರ್ಮಾನಿಸಲಿ ಅಂದ. ದೇವರು ಆಗಲೇ ತೀರ್ಮಾನ ಕೊಟ್ಟಾಗಿದೆ, ಮಧ್ಯೆ ಕೌನ್ಸಿಲ್ ಯಾರು ಅಂತ ಹುಡುಗರ ಕಡೆಯವರು ಎದ್ದು ನಿಂತರು. ಮುಂದಿನ ಜಗಳವೆಲ್ಲ ಈ ಒಂದು ಪ್ರಶ್ನೆಯಿಂದಲೇ ಬೆಳೆದದ್ದು. ದೀಕ್ಷಾಸ್ನಾನದ ಮಾತು ಇನ್ನೂ ಮುಖ್ಯವಾಗಿ ಬಂದೇ ಇರಲಿಲ್ಲ, ನೋಡಿ.

ಅದು ಬಂದದ್ದು 1524ರಲ್ಲಿ. ವಿಟಿಕೊನ್ ಹಳ್ಳಿಯ ಪಾದ್ರಿ ವಿಲ್‌ಹೆಲ್ಮ್ ರಾಯ್‌ಬ್ಲಿನ್, ಹಸುಗೂಸುಗಳಿಗೆ ದೀಕ್ಷಾಸ್ನಾನ ಕೊಡಬೇಕಿಲ್ಲ ಅಂತ ಬೋಧಿಸಿದ. ಕೆಲವು ತಂದೆತಾಯಿಗಳು ಮಗುವನ್ನು ಚರ್ಚಿಗೆ ತರಲೇ ಇಲ್ಲ. ಕೌನ್ಸಿಲ್ 1525ರ ಜನವರಿಯಲ್ಲಿ ವಾದ ಕೇಳಿತು. ಎಂಟು ದಿನದೊಳಗೆ ಮಗುವಿಗೆ ದೀಕ್ಷಾಸ್ನಾನ ಮಾಡಿಸದಿದ್ದವರಿಗೆ ಗಡೀಪಾರು ಅಂತ ಆಜ್ಞೆ ಹೊರಡಿಸಿತು. ಗ್ರೇಬೆಲ್, ಮಾನ್ಜ್ ಇನ್ನು ಬಾಯಿ ತೆರೆಯಕೂಡದು ಅಂತಲೂ ಹೇಳಿತು. ಜನವರಿ 21ರ ಸಂಜೆ ಮಾನ್ಜ್‌ನ ತಾಯಿಯ ಮನೆಯಲ್ಲಿ ಅವರೆಲ್ಲ ಸೇರಿದರು. ಗೆಯೋರ್ಗ್ ಬ್ಲೌರಾಕ್ ಅನ್ನುವ ಮಾಜಿ ಪಾದ್ರಿ ತನಗೆ ದೀಕ್ಷಾಸ್ನಾನ ಕೊಡು ಅಂತ ಗ್ರೇಬೆಲ್‌ನನ್ನು ಕೇಳಿಕೊಂಡ. ಗ್ರೇಬೆಲ್ ಕೊಟ್ಟ. ಆಮೇಲೆ ಬ್ಲೌರಾಕ್ ಉಳಿದವರಿಗೆ ಕೊಟ್ಟ. ಗ್ರೇಬೆಲ್ ಪಾದ್ರಿಯೂ ಅಲ್ಲ, ಬಿಷಪ್ಪನ ಅನುಮತಿಯೂ ಇಲ್ಲ, ಕೌನ್ಸಿಲ್ಲಿನ ಅನುಮತಿಯಂತೂ ಇಲ್ಲವೇ ಇಲ್ಲ. ಕೆಲವೇ ದಿನದಲ್ಲಿ ಕೆರೆದಂಡೆಯ ಜೊಲಿಕೊನ್ ಹಳ್ಳಿಯ ರೈತರು ಸಾಲಾಗಿ ದೀಕ್ಷಾಸ್ನಾನ ಪಡೆದರು.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಒಂದಿಷ್ಟು ನೀರಿಗೆ ಇಷ್ಟು ರಂಪ ಯಾಕೆ?

ಆ ಕಾಲದ ಊರಿನಲ್ಲಿ ಮಗುವಿನ ದೀಕ್ಷಾಸ್ನಾನ ಅಂದರೆ ನಮ್ಮ ಜನನ ಪ್ರಮಾಣಪತ್ರ, ರೇಷನ್ ಕಾರ್ಡ್, ವೋಟರ್ ಐಡಿ ಎಲ್ಲ ಸೇರಿದ ಹಾಗೆ. ಊರಿನಲ್ಲಿ ಹುಟ್ಟಿದವರೆಲ್ಲ ಒಂದೇ ಚರ್ಚಿನವರು, ಆ ಚರ್ಚು ಊರಿನ ಚರ್ಚು. 1526ರಲ್ಲಿ ಜ್ಯೂರಿಚ್ ದೀಕ್ಷಾಸ್ನಾನದ ರಿಜಿಸ್ಟರ್ ಇಡಲು ಶುರು ಮಾಡಿದ್ದೇ, ಯಾರು ಮಗುವನ್ನು ತಂದಿಲ್ಲ ಅಂತ ಪತ್ತೆ ಹಚ್ಚಲಿಕ್ಕೆ. ನಂಬಿದವರು ಮಾತ್ರ ಚರ್ಚು, ಅದೂ ದೊಡ್ಡವರಾದ ಮೇಲೆ ತಾವೇ ಬಯಸಿ ಬಂದರೆ ಮಾತ್ರ ಅಂತ ಇವರು ಹೇಳಿದಾಗ, ಊರು ಬೇರೆ ಚರ್ಚು ಬೇರೆ ಅಂದ ಹಾಗಾಯಿತು. ಇವತ್ತು ನಮಗೆ ಅದು ಸಾಮಾನ್ಯ ಮಾತು. ಅವತ್ತು ಕ್ಯಾಥೊಲಿಕರಿಗೂ, ಜರ್ಮನಿಯಲ್ಲಿ ಚರ್ಚಿನ ಸುಧಾರಣೆ ಶುರುಮಾಡಿದ ಲೂಥರನಿಗೂ ಜ್ವಿಂಗ್ಲಿಗೂ ಅದು ಅರಾಜಕತೆ.

ಅದು ಅಲ್ಲಿಗೇ ನಿಲ್ಲಲಿಲ್ಲ. 1527ರ ಫೆಬ್ರವರಿಯಲ್ಲಿ ಶ್ಲೈಟ್‌ಹೈಮ್ ಹಳ್ಳಿಯಲ್ಲಿ ಇವರಲ್ಲಿ ಕೆಲವರು ಸೇರಿ ಏಳು ಅಂಶಗಳ ಒಪ್ಪಂದ ಬರೆದುಕೊಂಡರು. ಅದರಲ್ಲಿ ಎರಡು ಅಂಶ ಆಳುವವರ ನಿದ್ದೆ ಕೆಡಿಸಿದವು. ಕ್ರೈಸ್ತ ಕತ್ತಿ ಹಿಡಿಯಬಾರದು, ಕತ್ತಿ ಹಿಡಿಯುವ ಅಧಿಕಾರಿಯೂ ಆಗಬಾರದು. ಪ್ರಮಾಣ ಮಾಡಬಾರದು. ಯೇಸುವಿನ ಪರ್ವತ ಪ್ರಸಂಗದಲ್ಲಿ ಆಣೆಯೇ ಇಡಬೇಡಿ ಅಂತ ಇದೆ, ಅದನ್ನು ಇವರು ಹಾಗೆಯೇ ತೆಗೆದುಕೊಂಡರು. ಆದರೆ ಸ್ವಿಸ್ ಮತ್ತು ದಕ್ಷಿಣ ಜರ್ಮನಿಯ ಊರುಗಳು ನಿಂತಿದ್ದೇ ಪ್ರಮಾಣದ ಮೇಲೆ. ಊರಿನ ಗಂಡಸರು ಒಟ್ಟಾಗಿ ನಿಂತು, ಆಳುವವರಿಗೆ ವಿಧೇಯರಾಗಿರುತ್ತೇವೆ, ಕರೆದಾಗ ಆಯುಧ ಹಿಡಿದು ಬರುತ್ತೇವೆ ಅಂತ ಪ್ರಮಾಣ ಮಾಡಬೇಕಿತ್ತು. ಕೋರ್ಟಿನ ಸಾಕ್ಷಿ, ಕಸುಬು ಸಂಘದ ಸದಸ್ಯತ್ವ, ಎಲ್ಲದಕ್ಕೂ ಅದೇ. ಪ್ರಮಾಣ ಮಾಡಲ್ಲ ಅನ್ನುವವನನ್ನು ಏನು ಮಾಡುವುದು? ಗಡೀಪಾರು ಮಾಡಿದರೂ, ವಾಪಸ್ ಬರಲ್ಲ ಅಂತ ಅವನಿಂದ ಪ್ರಮಾಣ ತೆಗೆದುಕೊಳ್ಳಬೇಕು. ಅದನ್ನೂ ಮಾಡಲ್ಲ ಅಂದರೆ?

ಇದರ ಜೊತೆಗೆ 1524–25ರ ರೈತರ ದಂಗೆ. ದಶಮಾಂಶ, ಜೀತದ ವಿರುದ್ಧ ಜರ್ಮನಿಯುದ್ದಕ್ಕೂ ರೈತರು ಎದ್ದಿದ್ದರು, ಸಾವಿರಾರು ಜನ ಸತ್ತಿದ್ದರು. ಮುಂದೆ ಅನಾಬ್ಯಾಪ್ಟಿಸ್ಟರಾದ ಕೆಲವರು, ಉದಾಹರಣೆಗೆ ಹಾನ್ಸ್ ಹುಟ್, ಆ ದಂಗೆಯ ಜೊತೆ ಸಂಬಂಧ ಇದ್ದವರೇ. ಆಳುವವರ ಹೆದರಿಕೆ ಪೂರ್ತಿ ಕಟ್ಟುಕತೆಯಲ್ಲ. ಇದನ್ನು ಮುಚ್ಚಿಟ್ಟು ಇವರೆಲ್ಲ ಕುರಿಮರಿಗಳಂತಿದ್ದರು ಅಂತ ಬರೆಯುವುದು ನನಗೆ ಇಷ್ಟವಿಲ್ಲ. ಆದರೆ ಗ್ರೇಬೆಲ್ 1524ರಲ್ಲೇ ರೈತರ ನಾಯಕ ಥಾಮಸ್ ಮ್ಯುಂಟ್ಸರ್‌ಗೆ ಪತ್ರ ಬರೆದು, ಸುವಾರ್ತೆಯನ್ನು ಕತ್ತಿಯಿಂದ ಕಾಯಬೇಡಿ ಅಂದಿದ್ದ. ಆ ಪತ್ರ ಈಗಲೂ ಉಳಿದಿದೆ.

ಜ್ಯೂರಿಚ್ ಕೌನ್ಸಿಲ್ 1526ರ ಮಾರ್ಚ್‌ನಲ್ಲಿ ಮತ್ತೊಮ್ಮೆ ದೀಕ್ಷಾಸ್ನಾನ ಕೊಡುವವರಿಗೆ ಮುಳುಗಿಸಿ ಸಾಯಿಸುವ ಶಿಕ್ಷೆ ಗೊತ್ತುಮಾಡಿತು. ನೀರಿನಲ್ಲಿ ತಪ್ಪು ಮಾಡಿದವನಿಗೆ ನೀರಿನಲ್ಲೇ ಶಿಕ್ಷೆ ಅನ್ನುವ ಕ್ರೂರ ತಮಾಷೆ ಅದರಲ್ಲಿತ್ತು. ಗ್ರೇಬೆಲ್ ಆ ವರ್ಷ ಪ್ಲೇಗಿನಿಂದ ಸತ್ತ. ಮಾನ್ಜ್ ಸಿಕ್ಕಿಬಿದ್ದ. 1527ರ ಜನವರಿ 5ರಂದು ಅವನನ್ನು ದೋಣಿಯಲ್ಲಿ ಲಿಮ್ಮಾಟ್ ನದಿಯ ಮಧ್ಯಕ್ಕೆ ಕರೆದೊಯ್ದರು. ಕೈಗಳನ್ನು ಕಟ್ಟಿ ಮೊಣಕಾಲಿನ ಕೆಳಕ್ಕೆ ಎಳೆದು, ನಡುವೆ ಕೋಲು ತೂರಿಸಿದರು, ಬಿಡಿಸಿಕೊಳ್ಳಲಾಗದ ಹಾಗೆ. ದಡದಿಂದ ಅವನ ತಾಯಿ ಮತ್ತು ತಮ್ಮ, ಗಟ್ಟಿಯಾಗಿರು ಅಂತ ಕೂಗುತ್ತಿದ್ದರು. ಇದನ್ನು ಬರೆದಿಟ್ಟವನು ಅವರ ಕಡೆಯವನಲ್ಲ. ಜ್ವಿಂಗ್ಲಿಯ ಉತ್ತರಾಧಿಕಾರಿ ಹೈನ್‌ರಿಕ್ ಬುಲಿಂಗರ್. ಅದಕ್ಕೇ ಆ ಸಾಕ್ಷಿಗೆ ತೂಕ ಜಾಸ್ತಿ. ಬ್ಲೌರಾಕ್ ಬೇರೆ ಊರಿನವನಾದ್ದರಿಂದ ಅದೇ ದಿನ ಅವನಿಗೆ ಚಾಟಿಯೇಟು ಕೊಟ್ಟು ಊರಿಂದಾಚೆ ಅಟ್ಟಿದರು. 1529ರಲ್ಲಿ ಟಿರೋಲ್‌ನಲ್ಲಿ ಕ್ಯಾಥೊಲಿಕರು ಅವನನ್ನು ಸುಟ್ಟರು.

ಇಲ್ಲಿ ನಿಮ್ಮ ಪ್ರಶ್ನೆಗೆ ಒಂದು ತಿದ್ದುಪಡಿ. ಪ್ರಾಟೆಸ್ಟೆಂಟರು ಕೊಂದದ್ದು ನಿಜ. ಮಾನ್ಜ್ ಅವರ ಕೈಯಲ್ಲಿ ಸತ್ತ ಮೊದಲ ಅನಾಬ್ಯಾಪ್ಟಿಸ್ಟ್. ಆದರೆ ಲೆಕ್ಕ ಹಾಕಿದರೆ ಬಹುಪಾಲು ಜನ ಸತ್ತದ್ದು ಕ್ಯಾಥೊಲಿಕ್ ದೊರೆಗಳ ನಾಡಿನಲ್ಲಿ. ಆಸ್ಟ್ರಿಯಾ, ಟಿರೋಲ್, ಆಮೇಲೆ ನೆದರ್‌ಲೆಂಡ್ಸ್. ಎಲ್ಲ ಕಡೆ ಸೇರಿ 2,000ದಿಂದ 2,500 ಜನ ಅನ್ನುವುದು ಸಾಮಾನ್ಯ ಅಂದಾಜು.

ಮೈಕೆಲ್ ಸಾಟ್ಲರ್‌ನ ವಿಚಾರಣೆ ಓದಿದರೆ ಆಳುವವರಿಗೆ ಎಲ್ಲಿ ಚುಚ್ಚುತ್ತಿತ್ತು ಅಂತ ತಿಳಿಯುತ್ತದೆ. ಇವನು ಬೆನೆಡಿಕ್ಟೈನ್ ಮಠದಲ್ಲಿ ಮಠಾಧಿಪತಿಯ ನಂತರದ ಹುದ್ದೆಯಲ್ಲಿದ್ದವನು. ಮಠ ಬಿಟ್ಟು ಮದುವೆಯಾದ. ಶ್ಲೈಟ್‌ಹೈಮ್ ಒಪ್ಪಂದ ಬರೆದವನು ಇವನೇ ಅಂತ ನಂಬಿಕೆ. 1527ರ ಮೇನಲ್ಲಿ ರೊಟೆನ್‌ಬುರ್ಗ್‌ನಲ್ಲಿ ವಿಚಾರಣೆ. ಆರೋಪಗಳಲ್ಲಿ ಒಂದು, ತುರ್ಕರು ದಂಡೆತ್ತಿ ಬಂದರೂ ಎದುರಿಸಬಾರದು ಅಂತ ಇವನು ಹೇಳಿದ್ದು. ಒಟ್ಟೋಮನ್ ಸುಲ್ತಾನ ಹಿಂದಿನ ವರ್ಷವಷ್ಟೇ ಹಂಗೆರಿಯ ಸೈನ್ಯವನ್ನು ಮೊಹಾಚ್‌ನಲ್ಲಿ ಪುಡಿಮಾಡಿದ್ದ. ಅಂಥ ಹೊತ್ತಿನಲ್ಲಿ ಈ ಮಾತು! ಸಾಟ್ಲರ್ ಅದನ್ನು ಅಲ್ಲಗಳೆಯಲಿಲ್ಲ. ಯುದ್ಧ ಮಾಡುವುದು ಸರಿ ಅಂತಾಗಿದ್ದರೆ, ತುರ್ಕರ ಮೇಲಲ್ಲ, ದೇವಭಕ್ತರನ್ನು ಹಿಡಿದು ಕೊಲ್ಲುವ ಹೆಸರಿನ ಕ್ರೈಸ್ತರ ಮೇಲೆ ಮಾಡುತ್ತಿದ್ದೆ ಅಂದ. ನಾಲಿಗೆ ಕತ್ತರಿಸಿ, ಕಾದ ಇಕ್ಕಳದಿಂದ ಮೈ ಕಿತ್ತು, ಸುಟ್ಟರು. ಕೆಲವೇ ದಿನಗಳಲ್ಲಿ ಹೆಂಡತಿ ಮಾರ್ಗರೇಟಾಳನ್ನು ನೆಕ್ಕರ್ ನದಿಯಲ್ಲಿ ಮುಳುಗಿಸಿದರು. ಮರುವರ್ಷ ವಿಯೆನ್ನಾದಲ್ಲಿ ಬಾಲ್ತಜಾರ್ ಹುಬ್‌ಮೈಯರ್‌ಗೂ ಅವನ ಹೆಂಡತಿಗೂ ಇದೇ ಗತಿ. ಹುಬ್‌ಮೈಯರ್ ದೇವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವನು. ಕ್ರೈಸ್ತ ಆಳ್ವಿಕೆ ಮಾಡಬಹುದು, ಕತ್ತಿ ಹಿಡಿಯಬಹುದು ಅಂತ ಒಪ್ಪಿದ್ದವನು. ಆದರೂ ಬಿಡಲಿಲ್ಲ.

ಇನ್ನು ಕಾನೂನು. 1529ರಲ್ಲಿ ಜರ್ಮನ್ ಸಾಮ್ರಾಜ್ಯದ ದೊರೆಗಳು ಶ್ಪೈಯರ್ ಊರಿನಲ್ಲಿ ಮಹಾಸಭೆ ಸೇರಿದ್ದರು. ಲೂಥರ್ ಪರ ಇದ್ದ ದೊರೆಗಳು ಏಪ್ರಿಲ್ 19ರಂದು ಅಲ್ಲಿ ಪ್ರತಿಭಟನೆ ಸಲ್ಲಿಸಿದರು. ಆತ್ಮಸಾಕ್ಷಿಯ ವಿಷಯದಲ್ಲಿ ಬಹುಮತದ ಒತ್ತಾಯ ನಡೆಯಲ್ಲ ಅಂದರು. ಪ್ರಾಟೆಸ್ಟೆಂಟ್ ಹೆಸರು ಹುಟ್ಟಿದ್ದೇ ಅಲ್ಲಿ. ಅದಾಗಿ ನಾಲ್ಕು ದಿನಕ್ಕೆ, ಏಪ್ರಿಲ್ 23ರಂದು, ಅನಾಬ್ಯಾಪ್ಟಿಸ್ಟರನ್ನು ಚರ್ಚಿನ ವಿಚಾರಣೆಯೂ ಇಲ್ಲದೆ ಬೆಂಕಿ, ಕತ್ತಿ ಅಥವಾ ಬೇರೆ ರೀತಿಯಲ್ಲಿ ಕೊಲ್ಲಬೇಕು ಅನ್ನುವ ಆಜ್ಞೆ ಹೊರಬಿತ್ತು. ಅದಕ್ಕೆ ಎರಡೂ ಕಡೆಯವರ ಒಪ್ಪಿಗೆ ಇತ್ತು. ಆಧಾರಕ್ಕೆ ರೋಮನ್ ಚಕ್ರವರ್ತಿಗಳ ಕಾಲದ, ಜಸ್ಟಿನಿಯನ್ ಸಂಹಿತೆಯಲ್ಲಿದ್ದ ಒಂದು ಹಳೆಯ ಕಾನೂನನ್ನು ಹುಡುಕಿ ತೆಗೆದಿದ್ದರು. ಎರಡನೇ ಸಲ ದೀಕ್ಷಾಸ್ನಾನ ಕೊಟ್ಟವರಿಗೆ ಮರಣದಂಡನೆ ಅಂತ ಅದರಲ್ಲಿತ್ತು. ಹಸುಗೂಸಾಗಿದ್ದಾಗ ಆದದ್ದು ದೀಕ್ಷಾಸ್ನಾನವೇ ಅಲ್ಲ, ಹಾಗಾಗಿ ನಮ್ಮದು ಎರಡನೆಯದಲ್ಲ ಅಂತ ಇವರು ವಾದಿಸಿದರು. ಯಾರು ಕೇಳುತ್ತಾರೆ? ದೊರೆಗಳಲ್ಲಿ ಹೆಸ್ಸೆಯ ಫಿಲಿಪ್ ಮಾತ್ರ, ಬರೀ ನಂಬಿಕೆಗಾಗಿ ಯಾರ ತಲೆಯನ್ನೂ ತೆಗೆಯಲ್ಲ ಅಂತ ಹಟ ಹಿಡಿದ. ಜೈಲಿಗೆ ಹಾಕಿಸಿದ, ಗಡೀಪಾರು ಮಾಡಿದ, ಕೊಲ್ಲಿಸಲಿಲ್ಲ. ಲೂಥರ್ ಮತ್ತು ಅವನ ಜೊತೆಗಾರ ಮೆಲಾಂಖ್ಟನ್ 1530ರ ದಶಕದಲ್ಲಿ ಮರಣದಂಡನೆ ಸರಿ ಅಂತ ಸಹಿ ಹಾಕಿಕೊಟ್ಟವರು.

ಈಗ ಮ್ಯೂನ್‌ಸ್ಟರ್. ನನ್ನ ಅಭಿಪ್ರಾಯದಲ್ಲಿ ಅದು ಈ ಹಿಂಸೆಗೆ ಕಾರಣ ಅಲ್ಲ, ಒಂದು ಮಟ್ಟಿಗೆ ಅದರ ಫಲ. 1529ರೊಳಗೆ ಓದಿದ, ತೂಕದ ನಾಯಕರಲ್ಲಿ ಹಲವರು ಸತ್ತಿದ್ದರು. ಉಳಿದ ಜಾಗಕ್ಕೆ ಲೋಕಾಂತ್ಯ ಬಂತು ಅನ್ನುವವರು ಬಂದರು. ಹಾರ್ಲೆಮ್‌ನ ಬೇಕರಿಯವನು ಯಾನ್ ಮಾತೈಸ್, ಲೈಡನ್‌ನ ದರ್ಜಿ ಯಾನ್. 1534ರ ಫೆಬ್ರವರಿಯಲ್ಲಿ ಮ್ಯೂನ್‌ಸ್ಟರ್ ಊರಿನ ಚುನಾವಣೆಯನ್ನು ಇವರ ಕಡೆಯವರು ಗೆದ್ದರು. ದೀಕ್ಷಾಸ್ನಾನ ಬೇಡ ಅಂದವರನ್ನು ಚಳಿಗಾಲದಲ್ಲಿ ಊರಾಚೆ ತಳ್ಳಿದರು. ಆ ಸೀಮೆಯ ದೊರೆಯೂ ಆಗಿದ್ದ ಬಿಷಪ್ಪನ ಸೈನ್ಯ ಮುತ್ತಿಗೆ ಹಾಕಿತು. ಮಾತೈಸ್ ಈಸ್ಟರ್ ದಿನ ಕೆಲವೇ ಜನರೊಂದಿಗೆ ಹೊರನುಗ್ಗಿ ಸತ್ತ. ಲೈಡನ್‌ನ ಯಾನ್ ರಾಜನಾದ. ಆಸ್ತಿಯೆಲ್ಲ ಸಾರ್ವಜನಿಕ, ಗಂಡಸರಿಗೆ ಹಲವು ಹೆಂಡಿರು. ತನ್ನ ಹೆಂಡತಿಯರಲ್ಲೇ ಒಬ್ಬಳನ್ನು ಸಂತೆ ಚೌಕದಲ್ಲಿ ತಾನೇ ತಲೆ ಕಡಿದ. 1535ರ ಜೂನ್‌ನಲ್ಲಿ ಹಸಿವಿನಿಂದ ಸೊರಗಿದ ಊರು ಬಿತ್ತು. ಯಾನ್ ಮತ್ತು ಇನ್ನಿಬ್ಬರನ್ನು ಹಿಂಸಿಸಿ ಕೊಂದು, ಹೆಣಗಳನ್ನು ಕಬ್ಬಿಣದ ಪಂಜರದಲ್ಲಿ ಸೇಂಟ್ ಲ್ಯಾಂಬರ್ಟ್ ಚರ್ಚಿನ ಗೋಪುರಕ್ಕೆ ನೇತುಹಾಕಿದರು. ಪಂಜರಗಳು ಈಗಲೂ ಅಲ್ಲಿವೆ. ಇದರಲ್ಲಿ ಸಮರ್ಥಿಸಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಆಮೇಲೆ ಇನ್ನೂರು ವರ್ಷ, ಕತ್ತಿ ಮುಟ್ಟದ ರೈತನನ್ನು ಹಿಡಿದಾಗಲೂ ಮ್ಯೂನ್‌ಸ್ಟರ್ ನೆನಪಿದೆಯಾ ಅಂತ ಕೇಳುತ್ತಿದ್ದರು.

ಚೆದುರಿಹೋದವರನ್ನು ಒಟ್ಟುಗೂಡಿಸಿದವನು ಮೆನ್ನೊ ಸಿಮನ್ಸ್. ಫ್ರೀಸ್‌ಲ್ಯಾಂಡ್‌ನ ಹಳ್ಳಿ ಪಾದ್ರಿ. 1536ರಲ್ಲಿ ಪಾದ್ರಿ ಕೆಲಸ ಬಿಟ್ಟು ಬಂದ. ಹಿಂಸೆ ಬೇಡವೇ ಬೇಡ ಅಂತ ಗಟ್ಟಿಯಾಗಿ ಹೇಳಿದ. ಅವನ ತಲೆಗೆ 100 ಗಿಲ್ಡರ್ ಬಹುಮಾನ ಸಾರಿದ್ದರೂ 1561ರಲ್ಲಿ ಹಾಸಿಗೆಯಲ್ಲೇ ಸತ್ತ. ಮೆನ್ನೊನೈಟ್ ಅನ್ನುವ ಹೆಸರು ಅವನಿಂದ.

ನೆದರ್‌ಲೆಂಡ್ಸ್‌ನಲ್ಲಿ ಕೊಲೆಗಳು ಇನ್ನೂ ದಶಕಗಟ್ಟಲೆ ನಡೆದವು. ಅಲ್ಲಿ ಸತ್ತವರಲ್ಲಿ ಹೆಂಗಸರೂ ಬಹಳ. ಇವರು ಸಾಯುವಾಗ ಹಾಡುತ್ತಿದ್ದರು, ಜನರಿಗೆ ಉಪದೇಶ ಮಾಡುತ್ತಿದ್ದರು. ಅದನ್ನು ತಡೆಯಲು ನಾಲಿಗೆಗೆ ತಿರುಪು ಹಾಕುವುದು ಶುರುವಾಯಿತು. 1573ರಲ್ಲಿ ಆಂಟ್‌ವರ್ಪ್‌ನಲ್ಲಿ ಗಾರೆ ಕೆಲಸದವನ ಹೆಂಡತಿ ಮೈಕೆನ್ ವೆನ್ಸ್‌ಳನ್ನು ಹಾಗೆ ಸುಟ್ಟರು. ಹದಿನೈದು ವರ್ಷದ ಮಗ ಆಡ್ರಿಯಾನ್ ಪುಟ್ಟ ತಮ್ಮನನ್ನು ಕರೆದುಕೊಂಡು ಬಂದಿದ್ದ. ನೋಡಲಾಗದೆ ಮೂರ್ಛೆ ಹೋದ. ಆಮೇಲೆ ಬೂದಿಯಲ್ಲಿ ಹುಡುಕಿ ಆ ತಿರುಪನ್ನು ಎತ್ತಿಟ್ಟುಕೊಂಡ. 1569ರಲ್ಲಿ ಆಸ್ಪೆರೆನ್‌ನಲ್ಲಿ ಡಿರ್ಕ್ ವಿಲೆಮ್ಸ್ ಜೈಲಿನಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದ. ಹಿಡಿಯಲು ಹಿಂದೆ ಬಂದವನ ಕಾಲಡಿ ಮಂಜುಗಡ್ಡೆ ಒಡೆಯಿತು. ಡಿರ್ಕ್ ವಾಪಸ್ ಬಂದು ಅವನನ್ನು ಎಳೆದುಹಾಕಿದ. ಸಿಕ್ಕಿಬಿದ್ದ. ಸುಟ್ಟರು.

ಸ್ವಿಟ್ಜರ್ಲೆಂಡ್‌ನಲ್ಲಿ ಕೊಲ್ಲುವುದು ನಿಂತ ಮೇಲೂ ಕಾಟ ನಿಲ್ಲಲಿಲ್ಲ. ಜ್ಯೂರಿಚ್‌ನಲ್ಲಿ ಕೊನೆಯ ಮರಣದಂಡನೆ 1614ರಲ್ಲಿ, ಹಾನ್ಸ್ ಲಾಂಡಿಸ್ ಅನ್ನುವವನದು. ಬರ್ನ್ ಸರ್ಕಾರ ಇವರನ್ನು ಹಿಡಿಯಲಿಕ್ಕೆಂದೇ ಸಂಬಳದ ಬೇಟೆಗಾರರನ್ನು ಇಟ್ಟಿತ್ತು. ಕೆಲವರನ್ನು ಹಡಗಿನ ಹುಟ್ಟು ಹಾಕುವ ಕೈದಿಗಳಾಗಿ ವೆನಿಸ್‌ಗೆ ಕಳಿಸಿತು. ಚರ್ಚಿನಲ್ಲಿ ಮದುವೆಯಾಗದವರ ಮಕ್ಕಳಿಗೆ ಪಿತ್ರಾರ್ಜಿತ ಆಸ್ತಿ ಇಲ್ಲ ಅಂತು. ಅಲ್ಲಿಂದ ಓಡಿದವರೇ ರೈನ್ ನದಿಯ ಕಡೆ, ಆಮೇಲೆ ಪೆನ್ಸಿಲ್ವೇನಿಯಾಕ್ಕೆ ಹೋದರು. ಕುದುರೆಗಾಡಿಯ ಆಮಿಶ್ ಜನರನ್ನು ನೀವು ವಿಡಿಯೋಗಳಲ್ಲಿ ನೋಡಿರುತ್ತೀರಲ್ವಾ, ಅವರು 1693ರಲ್ಲಿ ಇವರಿಂದಲೇ ಬೇರೆಯಾದ ಕವಲು. ಆಸ್ತಿ ಒಟ್ಟಿಗೆ ಇಟ್ಟುಕೊಂಡು ಬದುಕುವ ಹಟ್ಟರೈಟರು ಇನ್ನೊಂದು ಕವಲು. ಅವರ ನಾಯಕ ಯಾಕೋಬ್ ಹುಟರ್‌ನನ್ನು 1536ರಲ್ಲಿ ಇನ್ಸ್‌ಬ್ರುಕ್‌ನಲ್ಲಿ ಸುಟ್ಟಿದ್ದರು.

ಕ್ಷಮೆ ಕೇಳಿದ್ದೂ ಆಗಿದೆ. 2004ರಲ್ಲಿ ಜ್ಯೂರಿಚ್‌ನ ರಿಫಾರ್ಮ್ಡ್ ಚರ್ಚು (ಜ್ವಿಂಗ್ಲಿಯ ಸಾಲಿನದು) ಕೇಳಿತು, ಲಿಮ್ಮಾಟ್ ದಡದಲ್ಲಿ ಕಲ್ಲು ನೆಟ್ಟರು. 2010ರಲ್ಲಿ ವಿಶ್ವ ಲೂಥರನ್ ಒಕ್ಕೂಟ ಕೇಳಿತು.

ಇನ್ನು ನಮ್ಮ ಕಡೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡ್‌ನದೇ ಆದ್ದರಿಂದ ಕೆಲವರು ಗೊಂದಲ ಮಾಡಿಕೊಳ್ಳುತ್ತಾರೆ. ಅದು ಲೂಥರ್ ಮತ್ತು ಜ್ವಿಂಗ್ಲಿಯ ಸಾಲಿನದು. ಈಗ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಜೊತೆ ಸೇರಿರುವ ಆ ಸಭೆಗಳಲ್ಲಿ ಮಕ್ಕಳ ದೀಕ್ಷಾಸ್ನಾನ ಇದೆ. ಅನಾಬ್ಯಾಪ್ಟಿಸ್ಟ್ ಸಾಲಿನವರನ್ನು ನೋಡಬೇಕಾದರೆ ರಾಯಚೂರಿನಿಂದ ಗಡಿ ದಾಟಿ ತೆಲಂಗಾಣದ ಮಹಬೂಬ್‌ನಗರಕ್ಕೆ ಹೋಗಿ. ಮೆನ್ನೊನೈಟ್ ಬ್ರದರನ್ ಸಭೆಗಳ ಮುಖ್ಯ ನೆಲೆ ಅಲ್ಲಿದೆ. ಛತ್ತೀಸ್‌ಗಢದ ಧಮ್ತರಿಯಲ್ಲೂ ಮೆನ್ನೊನೈಟರು ನೂರಕ್ಕೂ ಹೆಚ್ಚು ವರ್ಷಗಳಿಂದ ಇದ್ದಾರೆ. ಅಲ್ಲೆಲ್ಲ ಮಗುವಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ದೊಡ್ಡವರಾಗಿ ತಾವೇ ಕೇಳಿದ ಮೇಲೆಯೇ.